ಸಂದಿನಲ್ಲಿ ಸೋರಿದ ಹೆಸರು



ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಬಿರುಕೆಂಬುದು ಹೊಸ ಮಾತಲ್ಲ. ಬೇಸಗೆಯಲ್ಲಿ ನಮ್ಮ ಹೊಲಗಳು ಬಾಯ್ದೆರೆದು ಮಲಗುತ್ತವೆ. ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳೂ ಉಂಟು. ಮುಂಗಾರಿನ ಮೊದಲ ನೀರು ಅವುಗಳ ಮಾರ್ಗವಾಗಿಯೇ ಆಳಕ್ಕಿಳಿಯುತ್ತದೆ. ಮಣ್ಣು ತೊಯ್ದು ಉಬ್ಬಿದಾಗ ಆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿರುಕು ಕಂಡಲ್ಲೆಲ್ಲ ಕೇಡನ್ನು ಕಾಣಬಾರದೆಂಬ ಈ ಪಾಠವನ್ನು ನಮ್ಮ ನೆಲ ವರ್ಷವರ್ಷವೂ ಹೇಳುತ್ತಿದ್ದರೂ, ನಾನು ಅದನ್ನು ಕಲಿತದ್ದು ವೃದ್ಧಾಪ್ಯದಲ್ಲಿ, ಒಂದು ಹೊಸ ಪಿಕಪ್ ಗಾಡಿಯಿಂದ.

ನಮ್ಮ ಮನೆಗೆ ಆ ಗಾಡಿ ಬಂದದ್ದು ಹಿಂಗಾರಿ ಸುಗ್ಗಿಯ ಕಾಲದಲ್ಲಿ. ಕಂಪನಿಯ ಹೆಸರು ಇಲ್ಲಿ ಬೇಡ. ಯಾರನ್ನೂ ದೂರುವುದಕ್ಕೆ ಈ ಬರಹವನ್ನು ಬರೆಯುತ್ತಿಲ್ಲ. ಪೂಜೆ ಮುಗಿಸಿ ಸುತ್ತ ನೋಡಿದೆ. ಸರಕು ಹೇರುವ ತೊಟ್ಟಿಯ ತಳದಲ್ಲಿ ತಗಡಿಗೆ ತಗಡು ಸೇರುವ ಕಡೆ ಗೆರೆಗಳು, ಮೂಲೆಗಳಲ್ಲಿ ಸಣ್ಣ ತೂತುಗಳು, ಹಿಂಬಾಗಿಲಿನ ಎರಡೂ ಅಂಚಿಗೆ ಸಂದುಗಳು ಕಂಡವು. ಹೊಸ ಗಾಡಿಯಲ್ಲಿ ಸಂದೇಕೆ ಎಂದು ಮನಸ್ಸು ಕಸಿವಿಸಿಗೊಂಡಿತಾದರೂ, ಆ ಸಲ ಹೇರಿದ್ದು ಕಡಲೆ. ಕಾಳು ದಪ್ಪ, ಒಂದೂ ಸೋರಲಿಲ್ಲ. ನಾನೂ ಮರೆತೆ.

ಮುಂದೆ ಶ್ರಾವಣ ಕಳೆದು ಹೆಸರಿನ ರಾಶಿ ಬಂದಿತು. ಹಿಂದೆ ಚಕ್ಕಡಿಯಲ್ಲಿ ಕಾಳು ಒಯ್ಯುವಾಗ ನಮ್ಮ ಹಿರಿಯರು ಮೊದಲು ಗೋಣಿತಟ್ಟು ಹಾಸುತ್ತಿದ್ದರು. ಚಕ್ಕಡಿಯ ಹಲಗೆಗಳ ನಡುವೆ ಸಂದಿದೆಯೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಎಚ್ಚರವೂ ಇತ್ತು. ಈಗ ಯಂತ್ರವು ಹೊಲದಲ್ಲಿಯೇ ಕಾಳನ್ನು ನೇರವಾಗಿ ಗಾಡಿಗೆ ಸುರಿಯುತ್ತದೆ. ಕಬ್ಬಿಣದ ತೊಟ್ಟಿಗೆ ಹಾಸಿಗೆ ಯಾಕೆಂದು ನಾವು ಏನನ್ನೂ ಹಾಸಲಿಲ್ಲ. ನರಗುಂದ ದಾರಿಯ ಹೊಲದಿಂದ ಹೊರಟ ಗಾಡಿಯನ್ನು ರೋಣದ ವೇಬ್ರಿಜ್‌ನಲ್ಲಿ ತೂಗಿದಾಗ ಸುಮಾರು 12 ಕ್ವಿಂಟಲ್ ಕಾಳು. ಗಜೇಂದ್ರಗಡದಲ್ಲಿ ಮತ್ತೆ ತೂಗಿದಾಗ 20 ಕಿಲೋ ಕಡಿಮೆ. ಎರಡನೆಯ ಹೇರಿಗೆ 30 ಕಿಲೋ ಕಡಿಮೆ.

ಗಾಡಿ ನಡೆಸುತ್ತಿದ್ದವನು ನಮ್ಮ ಓಣಿಯ ಯುವಕ. ಚಿಕ್ಕಂದಿನಿಂದ ನಮ್ಮ ಮನೆಯ ಅಂಗಳದಲ್ಲಿ ಆಡಿದವನು. ನಾನು ಅವನನ್ನು ಏನೂ ಕೇಳಲಿಲ್ಲ. ಕೇಳದಿರುವುದೇ ದೊಡ್ಡತನವೆಂದು ತಿಳಿದಿದ್ದೆ. ಮೂರನೆಯ ಹೇರಿಗೆ, “ಈ ಸಲ ಬ್ಯಾರೆಯವರು ಬರತಾರ, ತಮ್ಮಾ” ಎಂದಷ್ಟೇ ಹೇಳಿದೆ. ಹಳ್ಳಿಯಲ್ಲಿ ಅಷ್ಟು ಮಾತಿಗೆ ಎಷ್ಟು ಅರ್ಥ ಹುಟ್ಟುತ್ತದೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಪ್ರತಿವರ್ಷ ರಾಶಿಯಿಂದ ಎರಡು ಚೀಲ ಕಾಳನ್ನು ಶ್ರೀಮಠದ ದಾಸೋಹಕ್ಕೆ ಒಪ್ಪಿಸುವುದು ನಮ್ಮ ಮನೆತನದ ರೂಢಿ. ಅವುಗಳನ್ನು ಹೆಗಲ ಮೇಲೆ ಹೊತ್ತು ಉಗ್ರಾಣಕ್ಕೆ ಇಳಿಸುವ ಸೇವೆ ಆ ಹುಡುಗನದಾಗಿತ್ತು. ಆ ವರ್ಷ ಅದೂ ತಪ್ಪಿತು.

ಎಂಟು ದಿನಗಳ ಮೇಲೆ ಬಸ್ಸಿನಲ್ಲಿ ರೋಣದಿಂದ ಗಜೇಂದ್ರಗಡಕ್ಕೆ ಹೊರಟಿದ್ದೆ. ಎರೆಯ ಮೇಲಿನ ರಸ್ತೆಗಳ ಅವಸ್ಥೆ ತಾವು ಬಲ್ಲಿರಿ. ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ದಿಬ್ಬವೊಂದರ ಬಳಿ ಬಸ್ಸು ನಿಧಾನಿಸಿತು. ರಸ್ತೆಯಂಚಿನ ಹಸಿಮಣ್ಣಿನಲ್ಲಿ ಎಳೆಯ ಮೊಳಕೆಗಳ ಗೆರೆಯೊಂದು ಕಂಡಿತು. ಮುಂದಿನ ದಿಬ್ಬದಲ್ಲಿಯೂ ಅದೇ, ಅದೇ ಎಡಮಗ್ಗುಲಿಗೆ. ಹೆಸರಿನ ಸಸಿಯನ್ನು ಗುರುತಿಸಲು ಒಕ್ಕಲಿಗನಿಗೆ ಕನ್ನಡಕ ಬೇಕಿಲ್ಲ. ಗಾಡಿ ಜಿಗಿದಲ್ಲೆಲ್ಲ ಕಾಳು ಉದುರಿತ್ತು. ಮಳೆಯ ನೀರು ಅದನ್ನು ಅಂಚಿಗೆ ತಳ್ಳಿ ಮೊಳೆಯಿಸಿತ್ತು. ಆ ಹಸಿರು ಗೆರೆ ನನ್ನ ಮೇಲೆ ಬರೆದ ದೂರಿನಂತೆ ತೋರಿತು.

ಮನೆಗೆ ಬಂದು ತೊಟ್ಟಿಯಲ್ಲಿ ಒಂದು ಬೊಗಸೆ ಹೆಸರು ಚೆಲ್ಲಿ ಕೈಯಿಂದ ಗುದ್ದಿದೆ. ಹಿಂಬಾಗಿಲಿನ ಎಡಮೂಲೆಯಿಂದ ಕಾಳು ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದಿತು.

ಮರುದಿನ ಗಾಡಿಯನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಎಲ್ಲ ಸಂದುಗಳನ್ನೂ ಮುಚ್ಚಿಬಿಡಿರೆಂದೆ. ಆ ಕುಶಲಿಗನು ನಕ್ಕು ಒಂದೊಂದನ್ನೇ ತೋರಿಸಿದನು. ತಳದ ತೂತುಗಳು ಮಳೆಯ ನೀರು ಬಸಿದುಹೋಗಲು ಇಟ್ಟವು. ಮುಚ್ಚಿದರೆ ನೀರು ನಿಂತು ತಗಡು ತುಕ್ಕುಹಿಡಿಯುತ್ತದೆ. ಚಾಲಕನ ಕೋಣೆಗೂ ತೊಟ್ಟಿಗೂ ನಡುವಿನ ಅಂತರವನ್ನು ಮುಟ್ಟಲೇಬಾರದು. ತಗ್ಗುದಿಣ್ಣೆಯಲ್ಲಿ ಕೆಳಗಿನ ಚಾಸಿ ತಿರುಚಿಕೊಳ್ಳುವುದರಿಂದ, ಎರಡನ್ನೂ ಬೆಸೆದರೆ ತಗಡು ಹರಿಯುತ್ತದೆ. ತಳದ ತಗಡುಗಳ ಬೆಸುಗೆ ಕೌದಿಯ ಹೊಲಿಗೆಯಂತೆ ಚುಕ್ಕಿಚುಕ್ಕಿಯಾದುದು. ಚುಕ್ಕಿಗಳ ನಡುವೆ ನೀರು ಹೋಗದಂತೆ ಮೇಣದಂಥ ಅಂಟನ್ನು ತುಂಬಿರುತ್ತಾರೆ. ಅದು ಬಿಟ್ಟಲ್ಲಿ ಮಾತ್ರ ಮತ್ತೆ ತುಂಬಬೇಕು. ಹಿಂಬಾಗಿಲು ತೆರೆದು ಮುಚ್ಚಲು ಅಂಚಿನಲ್ಲಿ ಎಡೆ ಬೇಕೇ ಬೇಕು; ಆದರೆ ಈ ಮೂಲೆಯಲ್ಲಿ ಅದು ಅಳತೆ ಮೀರಿದೆ. ಹೀಗೆಂದು ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯೊಂದನ್ನು ಒಳಗಿನಿಂದ ಬಿಗಿದನು. ಕಾಳು ಹೇರುವಾಗ ಕೆಳಗೆ ತಾಡಪತ್ರಿ ಹಾಸಿರೆಂದೂ ಹೇಳಿದನು. ನಮ್ಮ ಹಿರಿಯರ ಗೋಣಿತಟ್ಟಿನ ಎಚ್ಚರವೇ ಅವನ ಬಾಯಲ್ಲಿ ಬಂದಿತು.

ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಚಾಲುಕ್ಯರ ಕಾಲದ ಜೋಡುಕಳಸದ ಗುಡಿಯನ್ನು ತಾವು ನೋಡಿರಬಹುದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಕೆಲಸ ಶತಮಾನಗಳನ್ನು ಕಂಡಿದೆ. ಆದರೆ ಸ್ಥಾವರಕ್ಕೆ ಒಪ್ಪುವ ಜೋಡಣೆ ಜಂಗಮಕ್ಕೆ ಒಪ್ಪದು. ಓಡಾಡುವ ವಸ್ತುವಿಗೆ ಬಳುಕಲು ಎಡೆ ಬೇಕು. ಮನುಷ್ಯರ ಬಾಳುವೆಯೂ ಓಡಾಟದ್ದೇ. ಅಲ್ಲಿಯೂ ಉಳಿಸಬೇಕಾದ ಅಂತರವಿದೆ, ತಡಮಾಡದೆ ಮುಚ್ಚಬೇಕಾದ ಸಂದೂ ಇದೆ. ಯಾವುದು ಯಾವುದೆಂದು ತಿಳಿಯಲು ಬಗ್ಗಿ ನೋಡಬೇಕು, ಬಾಯಿಬಿಟ್ಟು ಕೇಳಬೇಕು.

ನಾನು ಎರಡನ್ನೂ ಮಾಡಿರಲಿಲ್ಲ. ಅಂದು ಸಂಜೆ ಆ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರಿಗೇ ನಡೆದುದನ್ನೆಲ್ಲ ಹೇಳಿ ಕ್ಷಮೆ ಬೇಡಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಕಾಕಾರ, ಅವತ್ತ ಕೇಳಿದ್ರ ಅವತ್ತ ಬಗ್ಗಿ ನೋಡತಿದ್ವಲ್ಲರಿ” ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಶೂನ್ಯಸಂಪಾದನೆಯನ್ನು ನಾವು ಪುರಾಣಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಶರಣರೆಲ್ಲರ ನಡುವೆ, ಎದುರಿಗೇ ಪ್ರಶ್ನಿಸುತ್ತಾರೆ. ಪ್ರಶ್ನೆ ಕಠಿಣವಾದುದರಿಂದಲೇ ಉತ್ತರ ಹೇಳುವ ಅವಕಾಶವೂ ಅವಳಿಗೆ ದೊರೆಯುತ್ತದೆ. ಅದನ್ನು ಕೇಳಿ ತಲೆದೂಗಿದ ನಾನು, ನನ್ನ ಓಣಿಯ ಹುಡುಗನಿಗೆ ಅಷ್ಟು ಅವಕಾಶವನ್ನೂ ಕೊಡದೆ ತೀರ್ಪಿತ್ತಿದ್ದೆ. ಗಾಡಿಯ ಸಂದಿನಲ್ಲಿ ಸೋರಿದ್ದು 50 ಕಿಲೋ ಹೆಸರುಕಾಳು. ನನ್ನ ಮೌನದ ಸಂದಿನಲ್ಲಿ ಸೋರಿದ್ದು ಒಬ್ಬ ಬಡವನ ಹೆಸರು. ಮೊದಲನೆಯದನ್ನು ಮುಂದಿನ ಮಳೆ ತುಂಬಿಕೊಡುತ್ತದೆ.

ಮುಂದಿನ ವರ್ಷ ದಾಸೋಹದ ಚೀಲಗಳನ್ನು ಅವನೇ ಹೊತ್ತು ತಂದನು. ಅವನ ಹಿಂದೆ ನಾನೂ ಉಗ್ರಾಣದವರೆಗೆ ನಡೆದೆ. ತಮ್ಮ ಮನೆಯಲ್ಲಿಯೂ ತೂಕ ಕಡಿಮೆ ಬಿದ್ದ ದಿನ, ಮನುಷ್ಯನನ್ನು ಶಂಕಿಸುವ ಮೊದಲು ಗಾಡಿಯ ಕೆಳಗೊಮ್ಮೆ ಬಗ್ಗಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.