ಬೈಸಿಕಲ್ಲಿಗೂ ಒಂದಿಷ್ಟು ದಾರಿ

ಬೆಂಗಳೂರಿನ ಬೈಸಿಕಲ್ ಸವಾರರು ಜಾಥಾ ಹೊರಟು ತಮಗೂ ಪ್ರತ್ಯೇಕ ಪಥ ಬೇಕೆಂದು, ಅದಕ್ಕೆ ಸರ್ಕಾರ ಹಣ ತೆಗೆದಿರಿಸಬೇಕೆಂದು ಕೇಳುತ್ತ ಬಂದಿದ್ದಾರೆ. 2020ರಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯಲ್ಲಿ ಅಂಥದೊಂದು ಪಥವನ್ನು ಗುರುತಿಸಿದ್ದೂ ಉಂಟು. ಇದು ಪಟ್ಟಣದವರ ಷೋಕಿಯೆಂದು ನಗುವವರು ನಮ್ಮಲ್ಲಿದ್ದಾರೆ. ನನಗೆ ಹಾಗೆ ತೋರದು.

ನಮ್ಮ ತೆಂಗಿನ ಸೀಮೆಯಲ್ಲಿ ಕಾಯಿ ಸುಲಿಯುವವರು ನಸುಕಿನಲ್ಲಿಯೇ ಬೈಸಿಕಲ್ಲೇರಿ ತೋಟದಿಂದ ತೋಟಕ್ಕೆ ಕಾಯಕಕ್ಕೆ ಹೊರಡುತ್ತಾರೆ. 2006-07ರಿಂದ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ಲು ಕೊಡಲಾರಂಭಿಸಿದ ಮೇಲೆ, ಬಸ್ಸು ಕಾಣದ ಹಳ್ಳಿಗಳ ಹೆಣ್ಣುಮಕ್ಕಳಿಗೂ ಪ್ರೌಢಶಾಲೆ ಹತ್ತಿರವಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಇದ್ದಾಗಲಾದರೂ ಬೈಸಿಕಲ್ಲಿಗೆ ದೊರೆತ ಹಣ ಅದು ಸಾಗಬೇಕಾದ ದಾರಿಗೆ ದೊರೆತದ್ದನ್ನು ನಮ್ಮ ಕಡೆ ನಾನು ಕಾಣೆ.

ತಿಪಟೂರಿನಿಂದ ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ಹೋಗುವ ರಸ್ತೆಗಳಲ್ಲಿ ಕೊಬ್ಬರಿ ಹೇರಿದ ಲಾರಿ ಎದುರಾದರೆ ಮಕ್ಕಳು ಡಾಂಬರಿನಿಂದ ಮಣ್ಣಿನ ಅಂಚಿಗಿಳಿಯಬೇಕು. ಮಳೆಗಾಲದಲ್ಲಿ ಆ ಅಂಚೂ ಕೊರೆದು ಹೋಗಿರುತ್ತದೆ. ನಮ್ಮ ಮೊಮ್ಮಗಳು ಶಾಲೆಯಿಂದ ಮರಳುವುದು ಹತ್ತು ನಿಮಿಷ ತಡವಾದರೆ ಅವಳ ಅಜ್ಜಿ ಬೀದಿಬಾಗಿಲು ಬಿಟ್ಟು ಕದಲುವುದಿಲ್ಲ. ಸಂಜೆಯ ಲಿಂಗಪೂಜೆಯೂ ಅಷ್ಟು ಹೊತ್ತು ಕಾಯುತ್ತದೆ.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ಶಿವಯೋಗಿಗಳನ್ನು ನೆನೆಯುವ ನಾವು, ರಸ್ತೆಯ ಬದಿಯಲ್ಲಿ ಎರಡು ಗಜ ಗಟ್ಟಿ ನೆಲ ಮಾಡಿಸುವುದನ್ನು ಲೋಕಹಿತದ ಕೆಲಸವೆಂದು ತಿಳಿಯಲಾರೆವೆ? ರಸ್ತೆ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಇದಕ್ಕೂ ಹಣ ಸೇರಿಸಬೇಕೆಂದು ನಮ್ಮೂರ ನಾಲ್ಕಾರು ಮನೆಯವರು ಲೋಕೋಪಯೋಗಿ ಇಲಾಖೆಗೆ ಅರ್ಜಿ ಬರೆದಿದ್ದೇವೆ. ಮಕ್ಕಳನ್ನು ಬೈಸಿಕಲ್ಲಿನಲ್ಲಿ ಕಳುಹಿಸುವ ಸುತ್ತಲಿನ ಹಳ್ಳಿಗಳ ಶರಣಬಂಧುಗಳೂ ತಮ್ಮ ತಮ್ಮ ಊರುಗಳಿಂದ ಬರೆಯಬೇಕೆಂದು ಬೇಡಿಕೊಳ್ಳುತ್ತೇನೆ.