ಇಳಕಲ್ಲಿನಿಂದ ಬೀಳಗಿಗೆ

ಇಳಕಲ್ಲಿನ ನೇಕಾರರ ಓಣಿಗಳಲ್ಲಿ ನಡೆಯುವವನಿಗೆ ಊರಿನ ಪರಿಚಯವು ಕಣ್ಣಿಗಿಂತ ಮೊದಲು ಕಿವಿಗೆ ಆಗುವುದು. ಕಳೆದ ಮಾಘಮಾಸದಲ್ಲಿ ಮಗಳಿಗೊಂದು ಸೀರೆಯನ್ನು ಕೊಳ್ಳಲು ಅಲ್ಲಿಗೆ ಹೋಗಿದ್ದೆನು. ಕುಣಿಮಗ್ಗದ ಮುಂದೆ ಕುಳಿತಿದ್ದ ವೃದ್ಧರೊಬ್ಬರು ಕೆಂಪು ಸೆರಗಿನ ಟೋಪಿ ತೆನಿಯನ್ನು ತೋರಿಸಿ, “ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ ಮಾಸ್ತರ. ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕ್ರಿ. ಕೊಂಡಿ ಇಲ್ಲಂದ್ರ ಅದು ಇಳಕಲ್ ಸೀರಿನೇ ಅಲ್ಲ” ಎಂದರು.

ಅವರ ಬದಿಯಲ್ಲಿದ್ದ ಮೊಬೈಲಿನಿಂದ ಹಳೆಯ ಹಿಂದಿ ಹಾಡೊಂದು ಕೇಳಿಬರುತ್ತಿತ್ತು. ನನ್ನ ತಾಯಿಯು ಅಡಿಗೆಮನೆಯಲ್ಲಿ ಗುನುಗುತ್ತಿದ್ದ ಹಾಡೇ ಅದು. ಹಾಡಿದವರು ಯಾರೆಂದು ಕೇಳಲು, “ನಮ್ಮ ಬೀಳಗಿ ಅಮೀರಬಾಯಿ ಅಲ್ರೀ!” ಎಂದರು.

ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ರೇಡಿಯೋದ ಹಾಡಿಗೆ ಪ್ರವೇಶವಿದ್ದಿತು; ನಾಟಕ, ಸಿನಿಮಾಗಳ ಹೆಣ್ಣುಮಕ್ಕಳ ಹೆಸರಿಗೆ ಮಾತ್ರ ಇರಲಿಲ್ಲ. ದನಿಗೆ ಮಣೆ ಹಾಕಿ, ದನಿಯ ಒಡತಿಯನ್ನು ಹೊಸ್ತಿಲಿನಾಚೆ ನಿಲ್ಲಿಸುವುದನ್ನೇ ನಾವು ಮರ್ಯಾದೆಯೆಂದು ತಿಳಿದಿದ್ದೆವು. ನಾದವು ಬ್ರಹ್ಮವೆಂದು ಮಕ್ಕಳಿಗೆ ಬಹುಕಾಲ ಪಾಠ ಹೇಳಿದ ನಾನೂ ಆ ಹೆಸರನ್ನು ಒಮ್ಮೆಯೂ ಉಚ್ಚರಿಸಿರಲಿಲ್ಲ.

ಮರುದಿನವೇ ಬೀಳಗಿಗೆ ಹೊರಟೆನು. ಹುನಗುಂದವನ್ನು ದಾಟಿ, ಅಮೀನಗಡದಲ್ಲಿ ಕರದಂಟನ್ನು ಕಟ್ಟಿಸಿಕೊಂಡು, ಬಾಗಲಕೋಟೆಯ ಮಾರ್ಗವಾಗಿ ಅನಗವಾಡಿಯ ಸೇತುವೆಯ ಬಳಿಗೆ ಬಂದೆನು. ಅಲ್ಲಿ ಘಟಪ್ರಭೆಯು ಆಲಮಟ್ಟಿಯ ಹಿನ್ನೀರಿನೊಡನೆ ಬೆರೆತು ಸಮುದ್ರದಂತೆ ಹರಡಿರುವುದು. ಅದರಾಚೆಗೆ ಬೀಳಗಿ.

ಅಮೀರಬಾಯಿಯವರು ಹುಟ್ಟಿದ್ದು ಈ ಊರಿನಲ್ಲಿ. ಅಂದು ಇದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಆಕೆಯದು ಸಂಗೀತ ನಾಟಕಗಳ ಮನೆತನ. ಅಕ್ಕ ಗೋಹರಬಾಯಿಯವರು ಬಾಲಗಂಧರ್ವರೊಡನೆ ರಂಗವನ್ನೇರಿ ಹಾಡಿದವರು. ಅಮೀರಬಾಯಿಯವರು ಮುಂಬಯಿಗೆ ಹೋಗಿ ನಟಿಯೂ ಗಾಯಕಿಯೂ ಆದರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ ವಿಶ್ವಾಸರ ಸಂಗೀತಕ್ಕೆ ಹಾಡಿದ ಹಾಡುಗಳು ಆಕೆಯ ಕೀರ್ತಿಯನ್ನು ದೇಶಕ್ಕೆಲ್ಲ ಹಬ್ಬಿಸಿದುವು. ಆ ಚಿತ್ರವು ಕಲಕತ್ತೆಯ ಒಂದೇ ಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಪರರ ರಾಗಕ್ಕೆ ದನಿ ಕೊಟ್ಟಷ್ಟಕ್ಕೇ ಆಕೆ ತೃಪ್ತರಾಗಲಿಲ್ಲ. 1948ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತವನ್ನು ಸಂಯೋಜಿಸಿದರು. ಸಂಗೀತ ನಿರ್ದೇಶನವೆಂಬುದು ಬಹುಮಟ್ಟಿಗೆ ಗಂಡಸರ ಕೈಯಲ್ಲಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ. 1965ರಲ್ಲಿ ಆಕೆ ತೀರಿಕೊಂಡರು.

ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟೇ ಅವಕಾಶವಿದ್ದ ಕಾಲವದು. ಆದರೂ ಆ ತಟ್ಟೆಗಳ ಮೇಲೆ ಅಚ್ಚಾದ ಹೆಸರನ್ನು ವಾಚಕರು ಗಮನಿಸಬೇಕು: ಅಮೀರಬಾಯಿ ಕರ್ನಾಟಕಿ. ನಮ್ಮ ರಾಜ್ಯವು ‘ಕರ್ನಾಟಕ’ವೆಂಬ ಹೆಸರನ್ನು ಪಡೆದದ್ದು 1973ರ ನವೆಂಬರ 1ರಂದು, ಆಕೆ ಕಣ್ಮುಚ್ಚಿದ ಎಂಟು ವರ್ಷಗಳ ತರುವಾಯ. ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಾಗ, ಬೀಳಗಿಯ ಮುಸಲ್ಮಾನರ ಮನೆಯ ಮಗಳೊಬ್ಬಳು ಆ ಹೆಸರನ್ನು ಹೊತ್ತು ಉತ್ತರದ ಊರೂರುಗಳಿಗೆ ಮುಟ್ಟಿಸಿದ್ದಳು. ಒಡಲು ಇಲ್ಲಿಯದು, ಸೆರಗು ಮುಂಬಯಿಯದು. ನಡುವೆ ‘ಕರ್ನಾಟಕಿ’ ಎಂಬ ಕೊಂಡಿ. ಆ ಕೊಂಡಿಯನ್ನು ಆಕೆ ಬಿಚ್ಚಲಿಲ್ಲ, ನಾವು ಬಿಚ್ಚಿದೆವು.

ಬೀಳಗಿಯ ಬೀದಿಯಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯರನ್ನು ಕೇಳಿದೆನು. ಅವರು ಆ ಹೆಸರನ್ನು ಕೇಳಿರಲಿಲ್ಲ. ತಪ್ಪು ಅವರದಲ್ಲ, ನನ್ನಂಥ ಉಪಾಧ್ಯಾಯರದು. ಮೊಬೈಲಿನಲ್ಲಿ ಆ ಹಾಡನ್ನು ಹಾಕಿ ಕೇಳಿಸಿದೆನು. ಒಬ್ಬಳು ಕಣ್ಣರಳಿಸಿ, “ಅಜ್ಜಾರ, ಈಕಿ ನಮ್ಮೂರಾಕಿ ಏನ್ರಿ?” ಎಂದಳು.

“ಹೌದು ತಂಗಿ, ನಿಮ್ಮೂರಾಕಿ” ಎಂದೆನು. ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಉಳಿದುಹೋಗಿದ್ದ ಪಾಠವೊಂದು ಆ ಬೀದಿಯಲ್ಲಿ ಮುಗಿಯಿತು. ಮನೆಗೆ ಬಂದು ಸೀರೆಯನ್ನು ಮಗಳ ಕೈಗಿತ್ತಾಗ, ಮೊದಲು ಕೊಂಡಿಯನ್ನು ತೋರಿಸಿದೆನು. ಅನಂತರ ಹಾಡನ್ನು ಕೇಳಿಸಿ, ಹಾಡಿದವರ ಹೆಸರನ್ನು ಹೇಳಿದೆನು.