ಮರಳಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್

ಪೋರ್ಚುಗಲ್‌ನ ನಜಾರೆ ಹೆಸರಾಗಿರುವುದು ಚಳಿಗಾಲದ ದೈತ್ಯ ಅಲೆಗಳಿಗೆ. ಬೇಸಿಗೆಯಲ್ಲಿ ಅದೇ ಊರಿನ ಮರಳಲ್ಲಿ ಯುರೋಪಿನ ಮಹಿಳಾ ಕ್ಲಬ್‌ಗಳು ಬೀಚ್ ಸಾಕರ್ ಆಡಿದ್ದೂ ಉಂಟು. ಟೂರ್ನಿಯ ಹೆಸರು ವಿಮೆನ್ಸ್ ಯೂರೋ ವಿನ್ನರ್ಸ್ ಕಪ್. ಪುರುಷರ ಕಪ್ ಶುರುವಾದದ್ದು 2013ರಲ್ಲಿ, ಮಹಿಳೆಯರದು 2016ರಲ್ಲಿ.

ಬೂಟು ಹಾಕುವಂತಿಲ್ಲ, ಬರಿಗಾಲೇ ಗತಿ!

ತಂಡಕ್ಕೆ ಐವರು, 12 ನಿಮಿಷಗಳ ಮೂರು ಅವಧಿ. ಇಷ್ಟೇನಾ ಅನ್ನಿಸಬಹುದು. ಆದರೆ ಹೂತುಹೋಗುವ ಮರಳಲ್ಲಿ ಓಡುವ ಕಾಲು ಬೇಗ ಸೋಲುತ್ತದೆ. ಆಟಗಾರ್ತಿಯರನ್ನು ಎಷ್ಟು ಸಲವಾದರೂ ಬದಲಿಸಬಹುದು. ಚೆಂಡು ನೆಲದಲ್ಲಿ ನೆಟ್ಟಗೆ ಉರುಳದ ಕಾರಣ ಆಟವೆಲ್ಲ ಗಾಳಿಯಲ್ಲೇ. ಬೈಸಿಕಲ್ ಕಿಕ್ ಇಲ್ಲಿ ಮಾಮೂಲು. ಫ್ರೀ ಕಿಕ್‌ಗೆ ಅಡ್ಡಗೋಡೆ ಕಟ್ಟುವಂತಿಲ್ಲ. ಪಂದ್ಯ ಡ್ರಾ ಆಗುವುದೂ ಇಲ್ಲ.

ಭಾರತದಲ್ಲಿ 2023ರ ಆರಂಭದಲ್ಲಿ ಸೂರತ್‌ನಲ್ಲಿ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ ನಡೆದು, ಕೇರಳ ಗೆದ್ದಿತು. ಆಡಿದವರು ಪುರುಷರು. ಅದೇ ವರ್ಷ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್‌ನ ಹೆಣ್ಣುಮಕ್ಕಳು ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿದ್ದರು, ಹುಲ್ಲಿನ ಮೈದಾನದಲ್ಲಿ.

ಬೀಚ್ ಸಾಕರ್‌ಗೆ ಕಡಲೇ ಬೇಕೆಂದಿಲ್ಲ, ಮರಳಿದ್ದರೆ ಸಾಕು. ಕೊಳ್ಳೇಗಾಲದ ಮಗ್ಗುಲಿನ ಮಧುವನಹಳ್ಳಿಗೆ ಕಡಲು ದೂರ, ಮರಳು ದೂರವಲ್ಲ. ಕಾವೇರಿ ದಂಡೆಯ ತಲಕಾಡು ಹತ್ತಿರದಲ್ಲೇ ಇದೆ. ಹಳ್ಳಿ ಶಾಲೆಗಳ ಹುಡುಗಿಯರಿಗೆ ಬೂಟಿನ ಖರ್ಚಿಲ್ಲದ ಈ ಆಟ ಸಲೀಸಾಗಿ ಒಗ್ಗುತ್ತದೆ. ಕಾರವಾರ, ಮಲ್ಪೆ, ಪಣಂಬೂರಿನಂಥ ತೀರಗಳಿರುವ ರಾಜ್ಯದ ಕ್ರೀಡಾ ಇಲಾಖೆ ಮಹಿಳೆಯರಿಗಾಗಿ ವರ್ಷಕ್ಕೊಂದು ಬೀಚ್ ಸಾಕರ್ ಟೂರ್ನಿ ನಡೆಸಲಿ.